ನಿಮಿಷಕ್ಕೆ ಮುನ್ನೂರ ಹನ್ನೊಂದು

ನಸುಕಿನ ನಾಲ್ಕಕ್ಕೆ ನುವೊತ್ ಎಬ್ಬಿಸಿದ:
"ಲೆಕ್ಕ ಏರ್ತಾ ಇದೆ, ಬಾ."
ಎಂಗಡೀನ್ ಕಣಿವೆ ಇನ್ನೂ ಮಗ್ಗುಲು ಬದಲಿಸಿರಲಿಲ್ಲ.

ಮೇಲೆ, ಬಡಗಣ ಇಳಿಜಾರಿನ ಹಿಮದೊಳಗೆ
ಚಳಿಗೆ ಮುಂಚೆ ನೆಟ್ಟುಬಂದ ಆರು ಕಿವಿ,
ನಾಣ್ಯದಗಲದ ಬಿಲ್ಲೆ, ಬಾಲಕ್ಕೊಂದು ತಂತಿ.
ನಮ್ಮ ಕಿವಿಗೆ ಎಟುಕದ ಏರುಶ್ರುತಿಯಲ್ಲಿ
ಅಲ್ಲೊಂದು ಹರಳು ಇನ್ನೊಂದರ ಕೈಬಿಟ್ಟರೆ
ಇಲ್ಲಿ ಪರದೆಯ ಮೇಲೆ ಒಂದು ಗೀರು.
ಮೂರು ಗಂಟೆಯಲ್ಲಿ ನಿಮಿಷಕ್ಕೆ ನಲವತ್ತು.
ಈಗ ಮುನ್ನೂರ ಹನ್ನೊಂದು.

ಶ್ರುತಿ ತಗ್ಗಿಸಿ ಸ್ಪೀಕರಿಗೆ ಕೊಟ್ಟ:
ಚಿಟ್.
ಚಿಟ್ ಚಿಟ್.
ಕಾದೆಣ್ಣೆಗೆ ಬಿದ್ದ ಮೊದಮೊದಲ ಸಾಸಿವೆ.

ತಳದಲ್ಲಿ ನವೆಂಬರಿನ ಹಿಮ ಕೊಳೆತು ಸಕ್ಕರೆಯಾಗಿದೆ,
ಹಿಡಿದರೆ ಸೋರುವ, ಉಂಡೆ ಕಟ್ಟಲು ಬಾರದ ಸಕ್ಕರೆ.
ಅದರ ಮೇಲೆ ಗುರುವಾರದ ಗಾಳಿ ಪೇರಿಸಿಟ್ಟ
ಎದೆಮಟ್ಟದ ಚಪ್ಪಡಿ.
ಶನಿವಾರ ಗುಂಡಿ ತೋಡಿ, ಸಲಿಕೆಯಿಟ್ಟು ತಟ್ಟಿದ್ದೆ.
ಮಣಿಕಟ್ಟಿನಿಂದ ಹತ್ತು: ತಡೆಯಿತು.
ಮೊಣಕೈಯಿಂದ ಹತ್ತು: ಮೂರನೆಯ ಏಟಿಗೇ
ಮೇಜಿನ ಡ್ರಾಯರಿನಂತೆ ಜಾರಿ
ಮಡಿಲಿಗೆ ಬಂತು.
ಆ ಸಲೀಸು ಇನ್ನೂ ನನ್ನ ತೊಡೆಯ ಮೇಲಿದೆ.

ನುವೊತ್‌ನ ಎಡಗಿವಿ ಕೇಳಿಸದು.
ಇಪ್ಪತ್ತೊಂದು ವರ್ಷದ ಹಿಂದೆ ಇದೇ ಇಳಿಜಾರು
ಕಾಲಡಿಯಲ್ಲಿ ಒಮ್ಮೆ "ಗುಮ್" ಎಂದಿತಂತೆ, ಅಷ್ಟೇ.
ಆಮೇಲೆ ಹದಿನೇಳು ನಿಮಿಷ
ಅವನು ಕೇಳಿಸಿಕೊಂಡದ್ದು ತನ್ನ ನೆತ್ತರನ್ನು.
ಹೆಚ್ಚು ಕೇಳಿದರೆ, ಕಾಫಿ ಬೇಕಾ ಅನ್ನುತ್ತಾನೆ.

ಐದೂಮುಕ್ಕಾಲಿಗೆ ರಸ್ತೆಗೆ ಅಡ್ಡಗಂಬ ಇಳಿಸಿದೆವು.
ಮೆಂಗಿಯಾಳ ಶಾಲೆ ಬಸ್ಸು ಬಂದು ನಿಂತಿತು,
ಅದರ ಹಿಂದೆ ಹಾಲಿನ ಟ್ಯಾಂಕರು, ಅದರ ಹಿಂದೆ
ಯಾರದೋ ಮದುವೆಗೆ ಹೊರಟು
ಹಿಮದಲ್ಲಿ ಮೆರುಗಿನ ಷೂ ತೊಟ್ಟು ಇಳಿದವನೊಬ್ಬ.
"ಏನು ಕೇಳಿಸಿತು ನಿಮಗೆ?"
ಕಿಟಕಿ ಇಳಿಸಿ ಕೇಳಿದಳು ಮೆಂಗಿಯಾ.
ಚಿಟ್ ಅಂತ ಕೇಳಿಸಿತು ಅನ್ನಲಾದೀತೆ?
ಅಂಕಿ ಹೇಳಿದೆ.

ಏಳಕ್ಕೆ ಇನ್ನೂರು. ಎಂಟಕ್ಕೆ ಅರವತ್ತು.
ಒಂಬತ್ತಕ್ಕೆ ಒಂದೂ ಇಲ್ಲ.

ಮುರಿಯಬೇಕಾದ್ದೆಲ್ಲ ಮುರಿದು ಮುಗಿಯಿತೋ,
ಹರಳು ಹರಳನ್ನು ಮತ್ತೆ ಹಿಡಿದುಕೊಂಡಿತೋ.
ಬಾಯಿ ಇರುವುದು ಬಿರುಕಿಗೆ.
ಬೆಸುಗೆ ಸದ್ದು ಮಾಡುವುದಿಲ್ಲ,
ಅದನ್ನು ಎಣಿಸುವ ಬಿಲ್ಲೆ
ನಮ್ಮ ಆರರಲ್ಲಿ ಒಂದೂ ಇಲ್ಲ.

ಹಿಂದಿನಿಂದ ಒಂದು ಹಾರನ್ನು. ಆಮೇಲೆ ಮೂರು.
ಮದುವೆಯವನು ಗಡಿಯಾರ ತೋರಿಸಿ ಏನೋ ಕೂಗಿದ.
ಬಸ್ಸಿನ ಗಾಜಿಗೆ ಉಸಿರೂದಿ ಮಕ್ಕಳು
ಬೆಟ್ಟ ಬರೆದು, ಒರೆಸಿ, ಬರೆದರು.
ನುವೊತ್ ಬಲಗಿವಿಯನ್ನು ಇಳಿಜಾರಿನತ್ತ ತಿರುಗಿಸಿ
ಟೊಪ್ಪಿಗೆ ತೆಗೆದ.

ಹನ್ನೊಂದಾಯಿತು.
ಗಂಬದ ಹಗ್ಗ ನನ್ನ ಕೈಯಲ್ಲೇ ಇತ್ತು.