ಸೌದೆ ಸರಿಸಿದ ದಿನ

ಏಪ್ರಿಲ್ ಮೂವತ್ತರೊಳಗೆ, ಎಂದಿತ್ತು ಪಂಚಾಯ್ತಿಯ ನೋಟೀಸು.
ಗೋಡೆಯಿಂದ ಐವತ್ತು ಮೀಟರ್
ಒಣಗಿದ್ದೇನೂ ಇರಕೂಡದು.

ಒಣಗಿದ್ದು ಅಂದರೆ ನಾನೂ ಸೇರಿದೆನೇನಪ್ಪ,
ಕೇಳಿದಳು ಝುಲ್ಮೀರಾ. ಎಂಬತ್ತೊಂದು ಅವಳಿಗೆ.
ನೋಟೀಸು ತಂದ ಹುಡುಗ ನಗಲೋ ಬೇಡವೋ ತಿಳಿಯದೆ
ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

ನಮ್ಮದು ಬೇಕರಿ.
ಪೋರ್ಚುಗಲ್ಲಿನ ಒಳನಾಡು; ಸುತ್ತ ನೀಲಗಿರಿ ತೋಪು,
ನಡುವೆ ನಲವತ್ತೆರಡು ಹೆಂಚಿನ ಮಾಡು,
ಒಂದು ಚರ್ಚು, ಒಂದು ಒಲೆ.
ಬೆಂಕಿಯಿಂದಲೇ ಉಣ್ಣುವವರು ನಾವು.
ನಸುಕಿನ ಮೂರಕ್ಕೆ ಅದನ್ನು ಎಬ್ಬಿಸುವವಳು ನಾನು.
ಅದರ ಆಕಳಿಕೆ, ಅದರ ಮುನಿಸು,
ಕೊರಡಿನ ಗಂಟು ಸಿಕ್ಕರೆ ಥೂ ಎಂದು ಉಗುಳುವ ಬಗೆ,
ಎಲ್ಲ ಬಲ್ಲೆ ಅಂದುಕೊಂಡಿದ್ದೆ.

ಹೋದ ಅಕ್ಟೋಬರಿನಲ್ಲಿ ಗುಡ್ಡದಾಚೆಯಿಂದ ಬಂದದ್ದು
ನನ್ನ ಒಲೆಯ ಬಳಗವಲ್ಲ.
ಎರ್ಮಿನಿಯುವಿನ ಗರಗಸದಂಗಡಿಗೆ
ಅದು ಬರಲೂ ಇಲ್ಲ, ಕಳಿಸಿತು ಅಷ್ಟೇ:
ಹೆಬ್ಬೆರಳ ಉಗುರಿನಷ್ಟು ಒಂದು ಕಿಡಿ
ಸೂರಿನ ದೋಣಿಯಲ್ಲಿ ಪೈನ್ ಎಲೆಯ ಹಾಸಿಗೆ ಕಂಡು
ಮಲಗಿತು.
ಊರೆಲ್ಲ ಬದುಕಿದೆವು ಅಂತ ಕಾಫಿ ಕಾಸುವ ಹೊತ್ತಿಗೆ
ಎದ್ದಿತು.

ಹಾಗಾಗಿ ಏಣಿ.
ಹಾಗಾಗಿ ಸೂರಿನ ದೋಣಿಯಿಂದ ಬಕೆಟ್ಟುಗಟ್ಟಲೆ ಎಲೆ, ಒಂದು ಚೆಂಡು,
ಗುಬ್ಬಿಯ ಹಳೇ ಗೂಡು.
ಗ್ಯಾಸ್ ಸಿಲಿಂಡರು ಹಿತ್ತಲಿನ ಕಲ್ಲುಕೋಣೆಗೆ.
ಬಾಗಿಲ ಮುಂದಿನ ನಾರಿನ ಚಾಪೆ, ಸ್ವಾಗತ ಎಂದು ಬರೆದದ್ದು,
ಸುತ್ತಿ ಒಳಗಿಟ್ಟೆ.
ಎಲ್ಲರಿಗೂ ಹೇಳಿದ ಮಾತಲ್ಲ ಅದು.

ಅತ್ತೆ ನೆಟ್ಟ ಲಾರೆಲ್ ಬೇಲಿ ಕಡಿಸಿದಾಗ
ಅದೆರಿತು ಒಂಬತ್ತು ದಿನ ಮಾತು ಬಿಟ್ಟ.
ಎಲೆಯೆಲ್ಲ ಎಣ್ಣೆ ಕಣೋ, ಅಂದೆ.
ಹತ್ತನೆಯ ದಿನ ಬಂದು, ಆ ಬೊಡ್ಡೆಯನ್ನೂ ಕೀಳು ಮತ್ತೆ, ಅಂದ.

ಉಳಿದದ್ದು ಸೌದೆ.
ಬೇಕರಿಯ ಬೆನ್ನಿಗೆ ಒರಗಿದ ಒಟ್ಟಿಲು.
ಮಾವ ಒಟ್ಟಿದ್ದು, ಮಾವನಪ್ಪ ಒಟ್ಟಿದ್ದು,
ಮೇಲಿನಿಂದ ತೆಗೆದು ಮೇಲೇ ತುಂಬಿ
ತಳದ ಸಾಲನ್ನು ಬದುಕಿರುವ ಯಾರೂ ಕಂಡಿರಲಿಲ್ಲ.
ಊರೇ ಬಂತು. ಕೈಯಿಂದ ಕೈಗೆ, ಚರ್ಚಿನ ಕೆಳಗಿನ ಬಯಲಿಗೆ.
ಝುಲ್ಮೀರಾ ಕುರ್ಚಿ ಹಾಕಿ ಕೂತು ಎಣಿಸಿದಳು,
ಇನ್ನೂರರ ಮೇಲೆ ತಪ್ಪಿ, ಮತ್ತೆ ಒಂದರಿಂದ.

ಸಂಜೆಗೆ ಗೋಡೆ ಕಂಡಿತು.
ಗೋಡೆಯಲ್ಲೊಂದು ಕಿಟಕಿ ಇತ್ತು.

ಮೂವತ್ತೊಂದು ವರ್ಷ ಆ ಗೋಡೆಗೆ ಮುಖ ಮಾಡಿ
ಬಲ್ಬಿನ ಬೆಳಕಲ್ಲಿ ಹಿಟ್ಟು ನಾದಿದ್ದೇನೆ ನಾನು.
ಗಾರೆ ಕೆತ್ತಿದಾಗ ಒಳಗೆ ಬಿದ್ದ ಬಿಸಿಲನ್ನು
ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತೆ.
ಅಳತೆಪಟ್ಟಿ ಹಿಡಿದ ಹುಡುಗ ಮೆಲ್ಲಗೆ ಕೆಮ್ಮಿದ:
ಅಮ್ಮಾ, ಇದಕ್ಕೂ ತಂತಿಬಲೆ ಬೇಕಾಗುತ್ತೆ,
ಕಣ್ಣು ಎರಡು ಮಿಲಿಮೀಟರಿಗಿಂತ ಸಣ್ಣದು.

ಹೊಡೆಸಿದೆ. ಈಗ ಬೆಳಕು ಜರಡಿ ಹಿಡಿದು ಬರುತ್ತದೆ.

ಬಾಗಿಲ ಹಿಂದೆ ಒಂದು ಚೀಲ ತೂಗುತ್ತದೆ:
ಕಾಗದಪತ್ರ, ಅದೆರಿತುವಿನ ಬಿ.ಪಿ. ಮಾತ್ರೆ, ಉಣ್ಣೆಯ ಕಂಬಳಿ,
ಹುಳಿಹಿಟ್ಟಿನ ಜಾಡಿಗೆ ಖಾಲಿ ಬಿಟ್ಟ ಜಾಗ.
ಒಲೆಯನ್ನು ಮತ್ತೆ ಕಟ್ಟಬಹುದು, ಹುಳಿಯನ್ನು ಯಾರಲ್ಲಿ ಬೇಡಲಿ?

ಅಭ್ಯಾಸದ ಭಾನುವಾರ ಗಂಟೆ ಬಾರಿಸಿದರು.
ಕಲ್ಲಿನ ಚರ್ಚಿಗೆ ಊರು ಸೇರಲು ಹದಿನೇಳು ನಿಮಿಷ.
ಕೊನೆಗೆ ಬಂದವಳು ಝುಲ್ಮೀರಾ, ಕಂಕುಳಲ್ಲಿ ಎರಡು ಕೋಳಿ.
ಕಿಟಕಿ ಮುಚ್ಚಿದೆಯಾ? ಕೇಳಿದೆ.
ಮೂರನೆಯದು ಸಿಗಲಿಲ್ಲ, ಅಂದಳು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಡ ಅನ್ನುತ್ತಾರೆ.
ತೋಡಿದ್ದಾಯಿತು. ತೊಟ್ಟಿ ತುಂಬಿದೆ, ಪಂಪಿಗೆ ಡೀಸೆಲ್ಲಿದೆ.
ಆದರೂ ಜುಲೈ ರಾತ್ರಿಗಳಲ್ಲಿ, ಪೂರ್ವದ ಗಾಳಿ ಎದ್ದಾಗ,
ಕಡ್ಡಿ ಗೀರುವ ಮುನ್ನ
ಬಲೆಗೆ ಹಣೆ ಹಚ್ಚಿ ಗುಡ್ಡದ ಅಂಚು ನೋಡುತ್ತೇನೆ.
ಕಪ್ಪು. ಕಪ್ಪು. ಒಂದು ಲಾರಿಯ ದೀಪ.
ಕಪ್ಪು.

ಆಮೇಲೆ ತಿರುಗಿ, ನನ್ನದನ್ನು ಹಚ್ಚುತ್ತೇನೆ.