ಹಿಟ್ಟು ಉಬ್ಬುವಷ್ಟರಲ್ಲಿ

ಕೊನೆಯ ಸಲ ನಾನು ಓಡಿದ್ದು ತೊಂಬತ್ತೆರಡರ ಚಳಿಗಾಲದಲ್ಲಿ,
ಹಿಟ್ಟಿನ ಲಾರಿ ಬಂತಂತೆ ಎಂದು ಯಾರೋ ಕೂಗಿದಾಗ.
ಆಮೇಲೆ ಈ ಕುತೈಸಿಯಲ್ಲಿ
ಲಮಾರಾ ಓಡಿದ್ದನ್ನು ಕಂಡವರಿಲ್ಲ.
ಬಸ್ಸು ತಪ್ಪಿದರೆ ತಪ್ಪಲಿ, ಇನ್ನೊಂದು ಬರುತ್ತದೆ.

ನಸುಕಿನ ನಾಲ್ಕಕ್ಕೆ ಮಣ್ಣಿನ ತೋನೆಯ ಬಾಯೊಳಗೆ
ಸೊಂಟದವರೆಗೆ ಬಗ್ಗಿ
ಕಾದ ಗೋಡೆಗೆ ರೊಟ್ಟಿ ಬಡಿಯುವವಳು ನಾನು.
ಹುಬ್ಬು ಸುಟ್ಟುಕೊಂಡು ಇಪ್ಪತ್ತು ವರ್ಷವಾಯಿತು.
ಐವತ್ತೇಳಕ್ಕೆ ಐದು ಕಿಲೋಮೀಟರಿನ ಹುಚ್ಚು
ಹೇಗೆ ಹತ್ತಿತೆಂದು ಕೇಳಬೇಡಿ.
ಎದುರಿನ ಕಂಬಕ್ಕೆ ಯಾರೋ ಚೀಟಿ ಅಂಟಿಸಿದ್ದರು,
ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಎನ್ನುತ್ತಿತ್ತು;
ದಿನಾ ಅದನ್ನು ಒತ್ತಿ ಒತ್ತಿ
ಓದಿಯೇಬಿಟ್ಟೆ.

ಬೂಟು ಕೊಂಡದ್ದು ತೂಕದ ಲೆಕ್ಕದಲ್ಲಿ, ಹಳೆಬಟ್ಟೆಯ ರಾಶಿಯಿಂದ.
ಎಡಗಾಲಿನದನ್ನು ಯಾವಳೋ ಜರ್ಮನಿಯವಳು
ಒಳಮಗ್ಗುಲಲ್ಲಿ ಸವೆಸಿದ್ದಳು.
ಅವಳ ನಡಿಗೆಗೂ ಸೇರಿಸಿ ದುಡ್ಡು ಕೊಟ್ಟೆ.

ಮೊದಲ ವಾರ ಒಂದು ಕಂಬ ಓಟ, ಎರಡು ಕಂಬ ನಡಿಗೆ.
ರಿಯೋನಿ ಹೊಳೆಯ ದಂಡೆಯ ದೀಪದ ಕಂಬಗಳು
ಒಂದಕ್ಕೊಂದು ಇಷ್ಟು ಮುನಿಸಿಕೊಂಡು ನಿಂತಿವೆಯೆಂದು
ಹುಟ್ಟಿದಾಗಿನಿಂದ ಇಲ್ಲೇ ಇದ್ದರೂ ಗೊತ್ತಿರಲಿಲ್ಲ.
ಎದೆ ತಿದಿಯಾಯಿತು, ಪಕ್ಕೆಯಲ್ಲಿ ಯಾರೋ ಸೂಜಿ ಮರೆತಿದ್ದರು.
ಬಾಲ್ಕನಿಯಿಂದ ಗುರಾಮ್:
"ಯಾರು ಅಟ್ಟಿಸಿಕೊಂಡು ಬಂದರೇ, ಲಮಾರಾ?"
ಉತ್ತರಕ್ಕೂ ಉಸಿರು ಬೇಕಲ್ಲ.
ಕೈ ಬೀಸಿದೆ.

ಕುಸ್ತಿ ಕಲಿಸಿ ನಿವೃತ್ತನಾದ ಝೌರ್
ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಸುಲಿಯುತ್ತಾ
ಹೇಳಿಕೊಟ್ಟದ್ದು ಒಂದೇ ಪಾಠ:
ಮಾತಾಡಲಾಗುವಷ್ಟು ನಿಧಾನ ಓಡು.
ಯಾರ ಜೊತೆ ಮಾತಾಡಲಿ?
ನಾಯಿಯಿದೆಯಲ್ಲ, ಎಂದ.

ಇತ್ತು. ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ,
ತಂಗಳು ರೊಟ್ಟಿಯ ಋಣಕ್ಕೆ ನನ್ನ ಹಿಮ್ಮಡಿಯ ಹಿಂದೆಯೇ.
ಅದಕ್ಕೆ ಹೇಳಿದೆ ಗ್ಯಾಸಿನ ಬಿಲ್ಲು,
ತಂಗಿಯೊಂದಿಗೆ ಮಾತು ಬಿಟ್ಟ ಕಾರಣ,
ಮತ್ತೆ ತೊಂಬತ್ತೆರಡರ ಆ ಲಾರಿಯಲ್ಲಿ
ಹಿಟ್ಟು ಇರಲೇ ಇಲ್ಲ ಎಂಬುದನ್ನೂ.
ಆರನೆಯ ವಾರ, ಒಂದು ಮಂಜಿನ ಬೆಳಗ್ಗೆ,
ಮಾತು ಇನ್ನೂ ಉಳಿದಿತ್ತು,
ಕಂಬಗಳು ಮುಗಿದಿದ್ದವು.

ಹಿಂದಿನ ರಾತ್ರಿ ಖಚಾಪುರಿ ಮುಟ್ಟಬೇಡ ಎಂದಿದ್ದರು.
ಅರ್ಧ ಮುಟ್ಟಿದೆ.
ಭಾನುವಾರ ಕಣಕ ನಾದಿ, ಬಟ್ಟೆ ಹೊದಿಸಿ,
ಬರುವವರೆಗೆ ಉಬ್ಬುತ್ತಿರು ಎಂದು ಹೇಳಿ ಹೊರಟೆ.
ಎದೆಯ ಮೇಲೆ ನಂಬರು ತಲೆಕೆಳಗಾಗಿತ್ತು;
ಶಾಲೆಯ ಹುಡುಗಿಯೊಬ್ಬಳು ಪಿನ್ನು ಬಿಚ್ಚಿ ನೆಟ್ಟಗೆ ಮಾಡಿದಳು,
ನನ್ನ ಅಜ್ಜಿಯೂ ಹೀಗೇ, ಎಂದಳು.

ಸೀಟಿ. ಎಲ್ಲರೂ ಒಮ್ಮೆಗೇ ನೀರು ಚೆಲ್ಲಿದಂತೆ.
ನಾನೂ ಚೆಲ್ಲಿದೆ, ಝೌರನ ಪಾಠ ಮರೆತು,
ಮೊದಲ ತಿರುವಿಗೇ ಬಾಯಿ ಒಣಗಿತು.
ಮಕ್ಕಳು ಮುಂದೆ ಹೋದರು. ಮಗುವಿನ ಗಾಡಿ ತಳ್ಳುತ್ತಿದ್ದವಳು ಮುಂದೆ ಹೋದಳು,
ಗಾಡಿಯ ಮಗು ಹಿಂದಿರುಗಿ ನನ್ನನ್ನೇ ನೋಡಿತು.
ಹಿಂದೆ ಆಂಬುಲೆನ್ಸು, ನಾಚಿಕೆಯ ವರನ ಹಾಗೆ,
ಹತ್ತಿರ ಬರದೆ, ಬಿಟ್ಟೂ ಹೋಗದೆ.

ಬಿಳಿ ಸೇತುವೆಯ ಮೇಲೆ ಏನಾಯಿತೋ.
ಹೊಳೆ ಕೆಳಗೆ ಕಲ್ಲುಗಳ ನಡುವೆ ಸದ್ದು ಮಾಡುತ್ತಿತ್ತು.
ಕಾಲು ಇದೆ ಎಂಬುದೇ ಮರೆತುಹೋಯಿತು.
ಯಾವ ಲಾರಿಯೂ ಬಂದಿರಲಿಲ್ಲ,
ಸರತಿಯಲ್ಲಿ ಯಾರನ್ನೂ ಹಿಂದೆ ಹಾಕಬೇಕಿರಲಿಲ್ಲ,
ಕೈಚೀಲವಿಲ್ಲದ ಎರಡು ಕೈ
ತಮ್ಮ ಪಾಡಿಗೆ ತೂಗುತ್ತಿದ್ದವು.
ನಕ್ಕೆ. ನಾಯಿ ಗಾಬರಿಯಾಯಿತು.

ನಲವತ್ತೆರಡು ನಿಮಿಷ ಎಂದಿತು ಗಡಿಯಾರ.
ನನ್ನ ಹಿಂದೆ ಉಳಿದವನು ಒಬ್ಬನೇ,
ದಾರ ಬಿಚ್ಚಿಹೋಗಿ ಮೂರು ಸಲ ಕೂತ ದಂತವೈದ್ಯ.
ಪದಕ ಕೊರಳಿಗೆ ಬಿದ್ದರೂ ನಿಲ್ಲುವುದು ತಿಳಿಯದೆ
ಹಾಗೇ ಅಂಗಡಿಯವರೆಗೆ ಹೋದೆ:
ಕಣಕ ಬಟ್ಟೆಯನ್ನು ಎತ್ತಿಹಾಕಿ
ಹರಿವಾಣದ ಅಂಚು ದಾಟಿತ್ತು.

ಸೋಮವಾರ ತೋನೆಗೆ ಬಗ್ಗಿದರೆ
ತೊಡೆಯ ಒಂದೊಂದು ನರವೂ ಹೆಸರು ಹೇಳಿಕೊಂಡು ಅತ್ತಿತು.
ಗುರಾಮ್ ಬಂದ. "ಎಷ್ಟನೆಯವಳು?"
ರೊಟ್ಟಿ ಅವನ ಕೈಗಿಟ್ಟೆ, ಅಂಗೈ ಸುಡುವಷ್ಟು ಬಿಸಿಯದನ್ನು.
"ಆರುವುದರೊಳಗೆ ಮನೆ ಸೇರಬೇಕು," ಎಂದೆ,
"ಓಡು."