ನಾಲ್ಕಿಂಚಿಗೆ ಒಂದು ನೂಲು ಕಮ್ಮಿ

ಟೇಪು ಕೊಡುವ ಮುಂಚೆ ಅವ್ವ ಕೇಳಿದಳು:
ಯಾರ ಅಳತೆ?
ಕಂಪ್ಯೂಟರಿಂದು, ಅಂದೆ.
ಅದಕ್ಕೂ ರವಿಕೆ ಹೊಲಿಸ್ತೀಯಾ ಅಂತ ನಕ್ಕು
ಕೊರಳಿಂದ ಟೇಪು ತೆಗೆದು ತಾನೇ ಹಿಡಿದಳು.

ಮಂಡ್ಯದ ಯಾವುದೋ ಬ್ಯಾಂಕಿನವರು ಮಾರಿದ ಸಪೂರ ಡಬ್ಬ.
ಪಕ್ಕದ ತಗಡು ಬಿಚ್ಚಿದರೆ
ಐದು ವರ್ಷದ ಧೂಳು, ಒಂದು ಸತ್ತ ಜಿರಲೆ,
ಯಾರದೋ ಸಾಲದ ಕಾಗದದ ಗುಂಡುಪಿನ್ನು.
ಉದ್ದ ಹನ್ನೊಂದು, ಅವ್ವ ಕೂಗಿದಳು.
ಅಗಲ ನಾಲ್ಕಿಂಚಿಗೆ ಒಂದು ನೂಲು ಕಮ್ಮಿ.
ಬಿಲ್ಲಿನ ಬೆನ್ನ ಮೇಲೆ ಬರೆದುಕೊಂಡೆ.

ಒಳಗೆ ಅಪ್ಪ ಏನೂ ಕೇಳಿಸದವನ ಹಾಗೆ
ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.

ಇಪ್ಪತ್ತಾರು ವರ್ಷ ಲಾರಿ.
ಕಬ್ಬು, ಜಲ್ಲಿ, ಸಿಮೆಂಟು,
ಒಂದು ಸಲ ಸರ್ಕಸ್ಸಿನ ಡೇರೆ, ಎರಡು ಒಂಟೆ.
ಎಡಮಂಡಿ ಮಡಚದಾದ ದಿನ ಕ್ಲಚ್ಚು ಹೋಯಿತು.
ಈಗ ಉಂಡಾದ ಮೇಲೆ ದಿನಾ
ನಾಲ್ಕು ಬಾಣದ ಗುಂಡಿ ಒತ್ತುತ್ತಾ
ಯಾವುದೋ ಚಳಿದೇಶದ ರಸ್ತೆಯಲ್ಲಿ ಹದಿನೆಂಟು ಚಕ್ರ.
"ಸ್ಟೇರಿಂಗ ಎಡಕ್ಕೆ ಮಡಗವ್ರೆ, ಬುದ್ಧಿ ಇಲ್ದೋರು"
ಅಂತ ಬೈದುಕೊಂಡೇ ಓಡಿಸುತ್ತಾನೆ.
ಬಯಲಲ್ಲಿ ಪರವಾಗಿಲ್ಲ. ಊರು ಬಂತೋ, ಚಿತ್ರ ಮುಗ್ಗರಿಸುತ್ತದೆ:
ಲಾರಿ ಇಲ್ಲಿತ್ತು,
ಅಗೋ ಅಲ್ಲಿದೆ.
ನಡುವಿನ ರಸ್ತೆ ಎಲ್ಲಿ ಹೋಯಿತೋ.
"ಡೀಸೆಲ್ ಲೈನಲ್ಲಿ ಏರ್ ತಗಂಡದೆ ಕಣವ್ವ," ಅಪ್ಪ.
ಸೆಟಿಂಗಿಗೆ ಹೋಗಿ ಮರ ತೆಗೆದೆ, ಹುಲ್ಲು ತೆಗೆದೆ,
ನೆರಳು ತೆಗೆದೆ, ಕಡೆಗೆ
ಎರಡು ಪಕ್ಕದ ಕನ್ನಡಿಯನ್ನೂ ಆರಿಸಿದೆ.
ಆಮೇಲೆ ಚೂರು ಓಡಿತು. ಅಪ್ಪ ಏನೂ ಅನ್ನಲಿಲ್ಲ.

ಜೆರಾಕ್ಸ್ ಅಂಗಡಿಯ ಸಂಬಳದಲ್ಲಿ ಎತ್ತಿಟ್ಟ ಐದು ಸಾವಿರ,
ಅವ್ವನ ಫಾಲು ಜಿಗ್‌ಜಾಗಿನ ಸಾವಿರದ ಐನೂರು.
ಬೆಳಗಿನ ಪ್ಯಾಸೆಂಜರಿಗೆ ಮೈಸೂರು, ಶಿವರಾಂಪೇಟೆ.

ಮೊದಲನೆಯ ಅಂಗಡಿಯವ ತೋರಿಸಿದ್ದು
ಮೂರು ಫ್ಯಾನಿನ ಕಾರ್ಡು,
ಮದುವೆಮನೆ ಸೀರಿಯಲ್ ಸೆಟ್ಟಿನ ಹಾಗೆ ಬಣ್ಣ ಬದಲಿಸುವುದು.
ಕಂತು ಇದೆ ಮೇಡಂ, ಹತ್ತು ವರ್ಷ ತಿರುಗಿ ನೋಡಲ್ಲ ನೀವು.
ಬಿಲ್ಲು ಚಾಚಿದೆ. ಮೇಲ್ಮುಖ ನೋಡಿ ಓದಿದ:
"ಲೈನಿಂಗ್ ಬ್ಲೌಸ್ ಎರಡು, ಬಾಕಿ ನೂರೈವತ್ತು."

ಮುದಸ್ಸಿರನ ಅಂಗಡಿ ಮಾಳಿಗೆ ಮೇಲೆ,
ಮೆಟ್ಟಿಲಿಗಿಂತ ಚೂರು ಅಗಲ.
ಅವನು ಬೆಲೆ ಹೇಳಲಿಲ್ಲ, ಎಸ್‌ಎಂಪಿಎಸ್ ಎಷ್ಟು ವ್ಯಾಟು ಅಂದ.
ಫೋನಲ್ಲಿ ಫೋಟೋ ತೋರಿಸಿದೆ. ಇನ್ನೂರ ನಲವತ್ತು.
ಎತ್ತು ನೋಡಿ ಗಾಡಿ ಕಟ್ಟಬೇಕಲ್ವಾ ಅಕ್ಕ, ಅಂದು
ಹಲಗೆಯಿಂದ ಒಂದು ಇಳಿಸಿ, ಫ್ಯಾನು ಬೆರಳಲ್ಲಿ ತಿರುಗಿಸಿ
ವಾಪಸ್ಸು ಇಟ್ಟ:
ಹಗಲೂ ರಾತ್ರಿ ನಾಣ್ಯ ಅಗೆದಿರೋದು ಇದು. ಕೆಮ್ಮುತ್ತೆ. ಬೇಡ.
ಆಮೇಲೆ ಈ ಗಿಡ್ಡ ಕಾರ್ಡು.
ಹಳೇದೇ, ನಾಲ್ಕು ಜಿಬಿ, ಒಂದೇ ಫ್ಯಾನು,
ಬೇರೆ ವೈರು ಕೇಳಲ್ಲ, ಕೂತ ಜಾಗದಲ್ಲೇ ಉಣ್ಣುತ್ತೆ.
ಅದರ ತಗಡಿನ ಪಟ್ಟಿ ಮಾತ್ರ ಉದ್ದದ್ದು.
ಗಿಡ್ಡ ಪಟ್ಟಿಗಾಗಿ ಬಿಸ್ಕತ್ತಿನ ಡಬ್ಬ ಸುರುವಿಕೊಂಡು
ಅರ್ಧ ಗಂಟೆ ಹುಡುಕಿದ. ನಾನೂ ಕೂತು ಹುಡುಕಿದೆ.
ಸಿಕ್ಕಿದ್ದು ನನ್ನ ಕೈಗೆ;
ಆ ಲೆಕ್ಕದಲ್ಲಿ ನೂರು ರೂಪಾಯಿ ಬಿಟ್ಟ.
ಆರು ಸಾವಿರದ ನಾನೂರು.

ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ,
ಮೊಟ್ಟೆ ತಂದ ಹಾಗೆ.

ಟಕ್ ಅಂತ ಕೂತಿತು. ತಗಡು ಮುಚ್ಚಿತು,
ಬೆರಳೂ ಹೋಗದಷ್ಟು ಸಂದು ಬಿಟ್ಟು.
ಮರ ಹಾಕಿದೆ, ಹುಲ್ಲು ಹಾಕಿದೆ.
ಎಲ್ಲ ಹಾಕಿದರೆ ಏದುಸಿರು ಬಂತು,
ನೆರಳು ಮತ್ತೆ ತೆಗೆದೆ. ಕನ್ನಡಿ ಬಿಟ್ಟೆ.

ಅಪ್ಪ ಬಂದು ಕೂತ. ಗಾಡಿ ಎತ್ತಲಿಲ್ಲ.
ಎಡ ನೋಡಿದ, ಬಲ ನೋಡಿದ, ಮತ್ತೆ ಎಡ.
ಮೇಜಿನ ಕೆಳಗೆ ಮಡಚದ ಕಾಲು
ಇಲ್ಲದ ಕ್ಲಚ್ಚನ್ನು ಮೆಲ್ಲಗೆ ಒತ್ತಿತು.
"ಹಿಂದೆ ಯಾವನೋ ಪುಣ್ಯಾತ್ಮ
ಆಗ್ಲಿಂದ ಕಾಯ್ತಾವ್ನೆ," ಅಂದ.
ಬಲಕ್ಕೆ ಸರಿದು
ಸೈಡು ಕೊಟ್ಟ.